ಬುತ್ತಿ ಕಟ್ಟಿಕೊಂಡು ಸೂಳೆಕೆರೆಗೆ

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುತ್ತೇವೆ ಅಂದ ಕೂಡಲೇ ನೆಂಟರಿಷ್ಟರು ಎರಡು ಪ್ರಶ್ನೆ ಕೇಳುತ್ತಾರೆ. ಒಂದು ಪರೀಕ್ಷೆಯದು, ಇನ್ನೊಂದು ಟೂರಿನದು. ಪರೀಕ್ಷೆಗೆ ಉತ್ತರ ಸುಲಭ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಇದೆ, 14 ವರ್ಷ ತುಂಬಿದವರು ಅಲ್ಲಿ ಹತ್ತನೇ ಕ್ಲಾಸಿಗೆ ಹೆಸರು ನೋಂದಾಯಿಸಬಹುದು. ಎರಡನೇ ಪ್ರಶ್ನೆಯನ್ನು ಅವರು ಮರುಕದ ದನಿಯಲ್ಲಿ ಕೇಳುತ್ತಾರೆ: "ಪಾಪ, ನಿಮ್ಮ ಮಕ್ಕಳಿಗೆ ಟೂರು ಇರಲ್ಲ ಅಲ್ಲೇನ್ರೀ?" ಇವತ್ತಿನ ಮಾತು ಆ ಪಾಪದ ಬಗ್ಗೆ.

ಶಾಲೆಯ ಟೂರು ಹೇಗಿರುತ್ತದೆ ಎಂದು ನಿಮಗೆ ಗೊತ್ತಿದೆ. ಡಿಸೆಂಬರ್ ಬಂತೆಂದರೆ ಹೆದ್ದಾರಿಯ ತುಂಬ ಬ್ಯಾನರ್ ಕಟ್ಟಿದ ಬಸ್ಸುಗಳು. ರಾತ್ರಿ ಹೊರಟು ಬೆಳಿಗ್ಗೆ ಯಾವುದೋ ಛತ್ರದಲ್ಲಿ ಹಲ್ಲುಜ್ಜಿ, ಅರಮನೆಗೆ ಮುಕ್ಕಾಲು ಗಂಟೆ, ಮೃಗಾಲಯಕ್ಕೆ ಒಂದು ಗಂಟೆ, ಸಂಜೆ ಕಾರಂಜಿ. ಮೇಷ್ಟ್ರುಗಳಿಗೆ ದಿನವಿಡೀ ತಲೆ ಎಣಿಸುವುದೇ ಕೆಲಸ. ನಾನು ಅದನ್ನು ಹೀಗಳೆಯುತ್ತಿಲ್ಲ. ಗೆಳೆಯರ ಜೊತೆ ಬಸ್ಸಿನಲ್ಲಿ ಕೂಗಾಡಿದ ಸಂತೋಷವನ್ನು ಮನೆಯಲ್ಲಿ ಓದುವ ಮಕ್ಕಳಿಗೆ ನಾವು ಕೊಡಲಾರೆವು, ಅದನ್ನು ಒಪ್ಪಲೇಬೇಕು. ಆದರೆ ಇತಿಹಾಸ ನೋಡುವ ವಿಷಯಕ್ಕೆ ಬಂದರೆ ನಮ್ಮ ಕೈಯಲ್ಲಿ ಶಾಲೆಗಳಿಗಿಲ್ಲದ ಒಂದು ಸವಲತ್ತು ಇದೆ. ನಾವು ಮಂಗಳವಾರ ಹೋಗಬಹುದು. ರಜೆಯ ದಿನ ಊರು ನೋಡುವುದಕ್ಕೂ ಕೆಲಸದ ದಿನ ಊರು ನೋಡುವುದಕ್ಕೂ ಬಹಳ ಅಂತರವಿದೆ. ಭಾನುವಾರ ಹೋದರೆ ಜಾಗ ಸಿಗುತ್ತದೆ, ಮಂಗಳವಾರ ಹೋದರೆ ಆ ಜಾಗದಲ್ಲಿ ದುಡಿಯುವ ಜನ ಸಿಗುತ್ತಾರೆ.

ಹಳೆಯ ಕಾಲದ ಬದುಕನ್ನು ನಡೆಯುವ ಹಾಗೆಯೇ ತೋರಿಸಬೇಕು ಎಂಬ ಯೋಚನೆ ಹೊಸದಲ್ಲ. ಸ್ವೀಡನ್ ದೇಶದ ಸ್ಟಾಕ್‌ಹೋಮ್‌ನಲ್ಲಿ ಆರ್ಟುರ್ ಹಾಜೇಲಿಯಸ್ ಎಂಬವರು 1891ರಲ್ಲಿ ಸ್ಕಾನ್ಸೆನ್ ಎಂಬ ಬಯಲು ವಸ್ತುಸಂಗ್ರಹಾಲಯ ತೆರೆದರು. ಹಳ್ಳಿಗಳಿಂದ ಮರದ ಮನೆಗಳನ್ನು ಬಿಚ್ಚಿ ತಂದು ಕಟ್ಟಿ, ಹಳೆಯ ಉಡುಪು ತೊಟ್ಟವರನ್ನು ಅಲ್ಲಿ ಕೆಲಸಕ್ಕಿಟ್ಟರು. ಅಮೆರಿಕದಲ್ಲಿ ಅಂಥ ಊರುಗಳೇ ಇವೆ. ಕಮ್ಮಾರ ಕುಲುಮೆ ಊದುತ್ತಾನೆ, ಹೆಂಗಸರು ನೂಲು ತೆಗೆಯುತ್ತಾರೆ, ಮನೆಯಲ್ಲಿ ಓದುವ ಮಕ್ಕಳ ಕುಟುಂಬಗಳಿಗೆಂದೇ ಕಡಿಮೆ ಟಿಕೆಟ್ಟಿನ ದಿನಗಳಿರುತ್ತವೆ. ನಮ್ಮಲ್ಲಿ ಎಚ್.ಎಲ್. ನಾಗೇಗೌಡರು ರಾಮನಗರದ ಹತ್ತಿರ 1994ರಲ್ಲಿ ಜಾನಪದ ಲೋಕ ತೆರೆದರು. ಶಿಗ್ಗಾಂವಿ ಬಳಿಯ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ಕಲ್ಪನೆಯ ಉತ್ಸವ ರಾಕ್ ಗಾರ್ಡನ್ ಇದೆ. ಉಳುವವರು, ಬಿತ್ತುವವರು, ಸಂತೆಗೆ ಹೊರಟವರು, ಎಲ್ಲರೂ ಆಳೆತ್ತರದ ಬೊಂಬೆಗಳಾಗಿ ನಿಂತಿದ್ದಾರೆ. ಎರಡೂ ನೋಡತಕ್ಕವು. ಆದರೆ ನಾಲ್ಕು ಜನರ ಸಂಸಾರಕ್ಕೆ ದಾವಣಗೆರೆಯಿಂದ ರಾಮನಗರಕ್ಕೆ ಹೋಗಿಬರುವ ಖರ್ಚು, ಅಲ್ಲೊಂದು ರಾತ್ರಿ ಉಳಿಯುವ ಖರ್ಚು ಕೂಡಿಸಿದರೆ ಆ ತಿಂಗಳ ಕಿರಾಣಿ ಸಾಮಾನು ಹಿಂದೆ ಬೀಳುತ್ತದೆ.

ನಮ್ಮ ಸುತ್ತಿನ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಹಳೆಯದು ಪಾತ್ರ ಹಾಕಿಕೊಂಡು ನಿಂತಿಲ್ಲ. ಎಷ್ಟೋ ಕಡೆ ಅದು ಇನ್ನೂ ಕೆಲಸ ಮಾಡುತ್ತಿದೆ. ಅಂಥ ಒಂದು ಜಾಗದಲ್ಲಿ ಒಂದಿಡೀ ದಿನ ಕೂತರೆ ಸಾಕು ಎಂಬುದು ನನ್ನ ವಾದ. ದಿನಕ್ಕೆ ಎಂಟು ಜಾಗ ನೋಡುವವರ ಜೊತೆ ನನಗೆ ಜಗಳವಿಲ್ಲ, ಅವರ ಮಕ್ಕಳಿಗೆ ಮಾತ್ರ ಎಂಟು ಪಾರ್ಕಿಂಗ್ ಜಾಗಗಳ ನೆನಪು ಉಳಿದಿರುತ್ತದೆ.

ಮೊದಲು ದುಡ್ಡಿನ ಮಾತು ಮುಗಿಸುತ್ತೇನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ಟಿಗೆ ಹಣವಿಲ್ಲ. ಅಲ್ಲಿಗೆ ನನ್ನದೂ ಮಗಳದೂ ಆಯಿತು. ಗಂಡುಮಗುವಿಗೆ ಆರರಿಂದ ಹನ್ನೆರಡು ವರ್ಷದವರೆಗೆ ಅರ್ಧ ಟಿಕೆಟ್, ಆರರ ಒಳಗಿದ್ದರೆ ಅದೂ ಇಲ್ಲ. ಪೂರ್ತಿ ಟಿಕೆಟ್ ತೆಗೆಯುವವರು ಮನೆಯ ಯಜಮಾನರು ಒಬ್ಬರೇ. ಒಂದು ಎಚ್ಚರಿಕೆ: ಈ ಸೀಮೆಯ ರಸ್ತೆಗಳಲ್ಲಿ ಖಾಸಗಿ ಬಸ್ಸುಗಳದ್ದೇ ಓಡಾಟ ಜಾಸ್ತಿ, ಶಕ್ತಿ ಅವುಗಳಲ್ಲಿ ನಡೆಯುವುದಿಲ್ಲ. ಸರ್ಕಾರಿ ಬಸ್ಸಿನ ವೇಳೆಯನ್ನು ಹಿಂದಿನ ದಿನವೇ ನಿಲ್ದಾಣದಲ್ಲಿ ಕೇಳಿ ಬರೆದಿಟ್ಟುಕೊಳ್ಳಿ, ಹಿಂದಿರುಗುವ ಬಸ್ಸಿನದನ್ನಂತೂ ತಪ್ಪದೆ. ಊಟಕ್ಕೆ ಬುತ್ತಿ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರನ್ನ, ಮೇಲೊಂದಿಷ್ಟು ಖಾರ ಮಂಡಕ್ಕಿ. ಕೆರೆಯ ದಂಡೆಗೆ, ಗದ್ದೆಯ ಬದುವಿಗೆ ಟಿಕೆಟ್ಟಿಲ್ಲ. ಪುರಾತತ್ವ ಸರ್ವೇಕ್ಷಣಾ ಇಲಾಖೆ ಟಿಕೆಟ್ ಇಟ್ಟಿರುವ ಸ್ಮಾರಕಗಳಲ್ಲೂ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ.

ಈಗ ಹೊರಡೋಣ. ದಾವಣಗೆರೆಯಿಂದ ಚನ್ನಗಿರಿ ದಾರಿಯಲ್ಲಿ ಸಂತೇಬೆನ್ನೂರು ಸಿಗುತ್ತದೆ. ಅಲ್ಲಿನ ಪುಷ್ಕರಣಿಯನ್ನು ಕ್ಯಾಲೆಂಡರುಗಳಲ್ಲಿ ನೋಡಿರುತ್ತೀರಿ. ಊರಿನವರ ಬಾಯಲ್ಲಿ ಅದು ಹೊಂಡ. ಹದಿನಾರನೇ ಶತಮಾನದಲ್ಲಿ ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ್ದು. ನಾಲ್ಕೂ ಕಡೆಯಿಂದ ನೀರಿಗಿಳಿಯುವ ಕಲ್ಲಿನ ಮೆಟ್ಟಿಲು, ನಡುನೀರಿನಲ್ಲಿ ವಸಂತ ಮಂಟಪ, ದಂಡೆಯುದ್ದಕ್ಕೂ ಚಿಕ್ಕ ಗೋಪುರದಂಥ ಮಂಟಪಗಳು. ಹೊಂಡದ ಎದುರಿಗೇ ಕಮಾನುಗಳ ದೊಡ್ಡ ಮುಸಾಫಿರ್‌ಖಾನೆ. ಅದು ಹದಿನೇಳನೇ ಶತಮಾನದಲ್ಲಿ ಈ ಊರನ್ನು ಗೆದ್ದ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನ ಕಾಲದ್ದು. ಗೆದ್ದವರು ಇಲ್ಲಿದ್ದ ಗುಡಿ ಕೆಡವಿದ ಮಾತು ಬಂದಾಗ ಮಕ್ಕಳಿಗೆ ಏನು ಹೇಳುವುದು ಎಂದು ತಂದೆತಾಯಿ ತಡವರಿಸುತ್ತಾರೆ. ನಡೆದದ್ದನ್ನು ನಡೆದ ಹಾಗೆ ಹೇಳಿ. ಮಕ್ಕಳು ನಮಗಿಂತ ತಣ್ಣಗೆ ಕೇಳಿಸಿಕೊಳ್ಳುತ್ತಾರೆ. ಆಮೇಲೆ ವಸಂತ ಮಂಟಪದ ಕಮಾನುಗಳನ್ನೂ ಎದುರಿನ ಕಟ್ಟಡದ ಕಮಾನುಗಳನ್ನೂ ಒಂದೊಂದು ಹಾಳೆಯಲ್ಲಿ ಚಿತ್ರ ಬಿಡಿಸಲು ಹೇಳಿ. ಒಂದರ ಗೆರೆ ಇನ್ನೊಂದರಲ್ಲಿ ಎಲ್ಲಿ ಸೇರಿದೆ ಎಂದು ಅವರೇ ಬೆರಳಿಟ್ಟು ತೋರಿಸುತ್ತಾರೆ.

ಇದೇ ರಣದುಲ್ಲಾ ಖಾನನ ದಂಡಯಾತ್ರೆಯಲ್ಲಿ ಜೊತೆಗಿದ್ದವನು ಶಹಾಜಿ ಭೋಸಲೆ, ಶಿವಾಜಿಯ ತಂದೆ. ಅವನು 1664ರ ಜನವರಿಯಲ್ಲಿ ಬೇಟೆಯಾಡುವಾಗ ಕುದುರೆಯಿಂದ ಬಿದ್ದು ಸತ್ತದ್ದು ಇದೇ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯ ಹತ್ತಿರ. ಸಮಾಧಿ ಅಲ್ಲೇ ಇದೆ. ಶಿವಾಜಿಯ ಕಥೆ ಗೊತ್ತಿರುವ ಮಗುವಿಗೆ ಅವನಪ್ಪ ನಮ್ಮ ಅಡಿಕೆ ತೋಟಗಳ ನಡುವೆ ಮಲಗಿದ್ದಾನೆ ಅಂದರೆ ನಂಬುವುದೇ ಇಲ್ಲ. ಹಾಗಿದ್ದರೂ ಮೊದಲ ಸಲ ಬರುವವರು ಹೊದಿಗೆರೆಯನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಸಂತೇಬೆನ್ನೂರಿನಲ್ಲೂ ಬಹಳ ಹೊತ್ತು ಕಳೆಯಬೇಡಿ. ಅಷ್ಟು ಚೆಂದದ ಹೊಂಡದಲ್ಲಿ ಈಗ ಯಾರೂ ನೀರು ಹೊರುವುದಿಲ್ಲ, ಮುಸಾಫಿರ್‌ಖಾನೆಯಲ್ಲಿ ಯಾವ ಮುಸಾಫಿರನೂ ಇಳಿಯುವುದಿಲ್ಲ. ಕೆಲಸ ನಿಲ್ಲಿಸಿದ ಕಟ್ಟಡ ಹೇಗಿರುತ್ತದೆ ಎಂದು ಬೆಳಿಗ್ಗೆ ನೋಡಿಕೊಂಡರೆ, ಕೆಲಸ ಬಿಡದ ಕಟ್ಟಡ ಹೇಗಿರುತ್ತದೆ ಎಂಬುದು ಮಧ್ಯಾಹ್ನ ಸರಿಯಾಗಿ ಕಾಣುತ್ತದೆ.

ಆ ಎರಡನೆಯದು ಸೂಳೆಕೆರೆ. ಸರ್ಕಾರಿ ಕಾಗದಗಳಲ್ಲಿ ಶಾಂತಿಸಾಗರ. ಕೆರೆಬಿಳಚಿ ಕಡೆಯಿಂದ ಹೋದರೆ ಎರಡು ಗುಡ್ಡಗಳ ನಡುವೆ ಏರಿ ಕಾಣುತ್ತದೆ. ಸುತ್ತಳತೆ ಸುಮಾರು 30 ಕಿಲೋಮೀಟರ್, ಹನ್ನೊಂದು ಹನ್ನೆರಡನೇ ಶತಮಾನದ ಕೆಲಸ ಎಂಬ ಎಣಿಕೆ. ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ ಎಂದು ನಾವೆಲ್ಲ ಎದೆಯುಬ್ಬಿಸಿ ಹೇಳುತ್ತೇವೆ. ನನ್ನ ಮಗ ಥಟ್ಟನೆ ಕೇಳಿದ, "ಮೊದಲನೇದು ಯಾವುದು?" ಅಲ್ಲಿದ್ದ ದೊಡ್ಡವರೆಲ್ಲ ಮುಖ ಮುಖ ನೋಡಿಕೊಂಡರು. ಅಂದಿನಿಂದ ನಾನು ಆ ಎರಡನೇ ಸ್ಥಾನದ ಮಾತು ಬಿಟ್ಟಿದ್ದೇನೆ. ಕೆರೆಯ ದೊಡ್ಡಸ್ತಿಕೆ ಹೇಳಲು ಅದರ ಅಗತ್ಯವೂ ಇಲ್ಲ.

ಕಥೆ ಹೀಗಿದೆ. ಸ್ವರ್ಗಾವತಿ ಎಂಬ ಪಟ್ಟಣವಿತ್ತು, ವಿಕ್ರಮರಾಯ ಎಂಬ ಅರಸ, ಅವನ ಮಗಳು ಶಾಂತವ್ವ. ಸಿದ್ಧೇಶ್ವರನೊಬ್ಬನ ಸಂಗವಾದದ್ದಕ್ಕೆ ಅಪ್ಪ ಅವಳನ್ನು ಕೆಟ್ಟ ಮಾತಿನಲ್ಲಿ ಜರೆದ. ಆ ಕಳಂಕ ತೊಳೆಯಲು ಅವಳು ಕೆರೆ ಕಟ್ಟಿಸಲು ಹೊರಟಳು. ನೀರು ನಿಲ್ಲುವ ಜಾಗದಲ್ಲಿ ಸೂಳೆಯರ ಕೇರಿ ಇತ್ತು, ತಮ್ಮ ಹೆಸರೇ ಕೆರೆಗೆ ನಿಲ್ಲಬೇಕೆಂಬ ಕರಾರಿನ ಮೇಲೆ ಅವರು ನೆಲ ಬಿಟ್ಟುಕೊಟ್ಟರು. ಹಳೆಯ ಮೈಸೂರು ಗೆಜೆಟಿಯರ್ ಬರೆದ ಬಿ.ಎಲ್. ರೈಸ್ ಕೂಡ ಶಾಂತವ್ವನ ಕಥೆಯನ್ನು ದಾಖಲಿಸಿದ್ದಾರೆ. ಬಸ್ಸಿನಲ್ಲಿ ಮಕ್ಕಳು ಕೆರೆಯ ಹೆಸರು ಜೋರಾಗಿ ಹೇಳಿದರೆ ಅಮ್ಮಂದಿರು ಬಾಯಿಗೆ ಕೈ ಅಡ್ಡ ಇಡುತ್ತಾರೆ. ಸುತ್ತಲಿನ ಹಳ್ಳಿಗರಿಗೆ ಆ ಸಂಕೋಚ ಇಲ್ಲ, ನಾಲ್ಕು ಜನರ ಎದುರೂ ಅದನ್ನೇ ಹೇಳುತ್ತಾರೆ. ನೆಲ ಕೊಟ್ಟವರ ಜೊತೆ ಆದ ಕರಾರನ್ನು ಉಳಿಸಿಕೊಂಡು ಬಂದವರು ಅವರೇ.

ಏರಿಯ ಮೇಲೆ ಮೊದಲು ಮಾಡಬೇಕಾದ ಕೆಲಸ, ಈ ತುದಿಯಿಂದ ಆ ತುದಿಗೆ ಹೆಜ್ಜೆ ಎಣಿಸುತ್ತ ನಡೆಯುವುದು. ಸಾವಿರ ಅಡಿಯ ಆಸುಪಾಸು, ಅಷ್ಟೇ. ಇಷ್ಟು ಮೋಟು ಏರಿ ಇಷ್ಟು ದೊಡ್ಡ ನೀರನ್ನು ಹೇಗೆ ಹಿಡಿದಿದೆ? ಉತ್ತರ ಕಣ್ಣೆದುರಿಗೇ ಇದೆ, ಆದರೆ ಹೇಳಿಕೊಡಬೇಡಿ, ಕಾಯಿರಿ. ನನ್ನ ಮಗಳು ಬುತ್ತಿ ಬಿಚ್ಚುವ ಹೊತ್ತಿಗೆ ಹೇಳಿದಳು: ಗುಡ್ಡಗಳೇ ಗೋಡೆ, ಬಾಗಿಲು ಮಾತ್ರ ಕಟ್ಟಿದ್ದು. ಹರಿದ್ರಾ ನದಿ ಗುಡ್ಡಗಳನ್ನು ಸೀಳಿಕೊಂಡು ಹೊರಬೀಳುತ್ತಿದ್ದ ಕಣಿವೆಯ ಬಾಯಿಯನ್ನು ಹುಡುಕಿ, ಅಲ್ಲಿ ಮಾತ್ರ ಅಗಲವಾಗಿ, ಎತ್ತರವಾಗಿ, ಭದ್ರವಾಗಿ ಮಣ್ಣು ಕಲ್ಲು ಹಾಕಿದರು. ನಕ್ಷೆಯಿಲ್ಲದ ಕಾಲದಲ್ಲಿ ಆ ಬಾಯಿ ಕಂಡುಹಿಡಿಯಲು ಎಷ್ಟು ಮಳೆಗಾಲ ಆ ನದಿಯ ಬೆನ್ನು ಹತ್ತಿ ತಿರುಗಿರಬೇಕು ಎಂದು ಮಕ್ಕಳನ್ನು ಕೇಳಿ. ಭೂಗೋಳದ ಪಾಠ ಅಲ್ಲಿಗೆ ಮುಗಿಯಿತು.

ಕೆರೆಗೆ ಎರಡು ತೂಬುಗಳು. ಒಂದು ಸಿದ್ಧನ ಹೆಸರಿನದು, ಇನ್ನೊಂದು ಬಸವನ ಹೆಸರಿನದು. ಅವುಗಳಿಂದ ಹೊರಡುವ ನಾಲೆಗಳಿಗೂ ಅದೇ ಹೆಸರು. ಒಂಬೈನೂರು ವರ್ಷವಾಯಿತೋ ಸಾವಿರವೋ, ಆ ಎರಡು ದಾರಿಗಳಲ್ಲಿ ನೀರು ಹೋಗಿ ಗದ್ದೆಗೆ ಬೀಳುವುದು ನಿಂತಿಲ್ಲ. ಈಗ ಭದ್ರಾ ನಾಲೆಯ ನೀರೂ ಬಂದು ಕೆರೆಗೆ ಸೇರುತ್ತದೆ. ಚಿತ್ರದುರ್ಗ ಪಟ್ಟಣದವರು ಕುಡಿಯುವುದೂ ಇದೇ ಕೆರೆಯ ನೀರು. ಹಂಪಿಯ ಮೇಲೆ ನನಗೆ ಬೇಕಾದಷ್ಟು ಪ್ರೀತಿಯಿದೆ. ಆದರೆ ಹಂಪಿಯ ಅರಮನೆಯಿಂದ ಇವತ್ತು ಯಾರ ಮನೆಯ ನಲ್ಲಿಗೂ ನೀರು ಬರುವುದಿಲ್ಲ.

ನೀರು ಬಿಟ್ಟಿರುವ ದಿನಗಳಲ್ಲಿ ನಾಲೆಯ ಮೇಲೆ ಒಬ್ಬ ಸೌಡಿ ಸಿಕ್ಕೇ ಸಿಗುತ್ತಾನೆ. ನಾಲೆ ಕಾಯುವ, ಗೇಟು ಏರಿಸಿ ಇಳಿಸುವ ಕೆಲಸಗಾರ. ಹಿಂದಿನ ಕಾಲದಲ್ಲಿ ಈ ಕೆಲಸ ಊರಿನ ನೀರುಗಂಟಿಯದು. ಯಾರ ಗದ್ದೆಗೆ ಯಾವಾಗ ನೀರು, ಯಾರದು ಮೊದಲು, ಕೊನೆಯ ಗದ್ದೆಯವನಿಗೆ ಎಷ್ಟು ಎಂಬ ಲೆಕ್ಕವೆಲ್ಲ ಅವನ ತಲೆಯಲ್ಲಿರುತ್ತಿತ್ತು. ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಕಣಕ್ಕೆ ಬಂದು ಅವನು ತನ್ನ ಪಾಲಿನ ಕಾಳು ಅಳೆಸಿಕೊಂಡು ಹೋಗುತ್ತಿದ್ದ. ನಾಲೆಯ ಮೇಲೆ ಸಿಕ್ಕ ವಯಸ್ಸಾದ ರೈತರೊಬ್ಬರನ್ನು ನನ್ನ ಮಗ ಕೇಳಿದ:

"ಅಜ್ಜ, ಈ ನೀರು ಎಲ್ಲಿಗೆ ಹೋಗುತ್ತೆ?"

"ನಮ್ಮ ಗದ್ದಿಗೆ ಕಣಪ್ಪ."

"ಆಮೇಲೆ?"

"ಕೆಳಗಿನೋರ ಗದ್ದಿಗೆ."

"ಆಮೇಲೆ?"

"ಹಳ್ಳಕ್ಕೆ ಬಿದ್ದು ಹರಿಹರಕ್ಕೆ ಹೋಗಿ ಹೊಳಿಗೆ ಸೇರುತ್ತೆ. ಅಲ್ಲಿಂದಾಚಿಗೆ ನಂಗೊತ್ತಿಲ್ಲ, ಹೊಳೀನೇ ಕೇಳ್ಬೇಕು ನೀನು."

ಹರಿಹರದಲ್ಲಿ ಹರಿದ್ರಾ ತುಂಗಭದ್ರೆಗೆ ಸೇರುತ್ತದೆ. ಅದೇ ಹರಿಹರದಲ್ಲಿ ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಹರಿಹರೇಶ್ವರನ ಗುಡಿ ಕಟ್ಟಿಸಿದ. ಮನೆಗೆ ಬಂದ ಮೇಲೆ ನಕ್ಷೆಯಲ್ಲಿ ಈ ದಾರಿಗೆ ನೀಲಿ ಪೆನ್ಸಿಲ್ ಎಳೆದರೆ ಆ ವಾರದ ಸಮಾಜ ವಿಜ್ಞಾನ ಮುಗಿದಂತೆ.

ಗಣಿತವೂ ಅಲ್ಲೇ ಇದೆ. ನಾಲೆಯ ಬದುವಿನ ಮೇಲೆ ಇಪ್ಪತ್ತು ಮೀಟರ್ ಅಳೆದು ಎರಡು ಗುರುತು ಹಾಕಿ. ಮೇಲಿನ ಗುರುತಿನಲ್ಲಿ ಒಂದು ಒಣಎಲೆಯನ್ನು ನೀರಿಗೆ ಬಿಟ್ಟು ಕೆಳಗಿನ ಗುರುತು ಮುಟ್ಟಲು ಎಷ್ಟು ಸೆಕೆಂಡು ಎಂದು ಎಣಿಸಿ. ನಲವತ್ತು ಸೆಕೆಂಡು ಹಿಡಿಯಿತು ಅನ್ನಿ. ನೀರು ಸೆಕೆಂಡಿಗೆ ಅರ್ಧ ಮೀಟರ್ ಹೋಗುತ್ತಿದೆ. ನೀರಿನ ಅಗಲ ಎರಡು ಮೀಟರ್, ಆಳ ಒಂದು ಮೀಟರ್ ಇದ್ದರೆ ಸೆಕೆಂಡಿಗೆ ಒಂದು ಘನ ಮೀಟರ್, ಅಂದರೆ ಸಾವಿರ ಲೀಟರ್. ಮೇಲಿನ ನೀರು ತಳದ ನೀರಿಗಿಂತ ಜೋರಾಗಿ ಓಡುವುದರಿಂದ ಬಂದ ಉತ್ತರದಲ್ಲಿ ಐದನೇ ಒಂದು ಪಾಲು ಕಳೆಯಬೇಕು. ಉಳಿದದ್ದು ಎಂಟು ನೂರು ಲೀಟರ್. ಪತ್ರಿಕೆಯಲ್ಲಿ ದಿನವೂ ಓದುವ ಕ್ಯೂಸೆಕ್ ಲೆಕ್ಕದಲ್ಲಿ ಸುಮಾರು ಇಪ್ಪತ್ತೆಂಟು. ಹಳ್ಳಿಯ ಮನೆಗಳಿಗೆ ನಲ್ಲಿ ಕೊಡುವ ಜಲಜೀವನ್ ಯೋಜನೆಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಗೊತ್ತುಮಾಡಿದ್ದಾರೆ. ಹಾಗಾದರೆ ಒಂದು ಸೆಕೆಂಡಿನಲ್ಲಿ ನಿಮ್ಮ ಮುಂದೆ ಹಾದುಹೋದದ್ದು ಹದಿನಾಲ್ಕು ಜನರ ಒಂದಿಡೀ ದಿನದ ನೀರು. ಈ ಲೆಕ್ಕ ಮಾಡಿದ ದಿನ ನಮ್ಮ ಮನೆಯಲ್ಲಿ ಬಚ್ಚಲ ನಲ್ಲಿ ಬೇಗ ಬಂದ್ ಆಯಿತು. ಮರುದಿನಕ್ಕೆ ಮತ್ತೆ ಮಾಮೂಲು. ಒಂದು ಕಟ್ಟುನಿಟ್ಟು: ಆಳವನ್ನು ಸೌಡಿಯನ್ನು ಕೇಳಿ ತಿಳಿಯಬೇಕು, ಮಕ್ಕಳು ನಾಲೆಗೆ ಇಳಿದು ಅಳೆಯಬಾರದು. ನಾಲೆಯ ಅಂಚು ಪಾಚಿಗಟ್ಟಿ ಜಾರುತ್ತದೆ, ಒಳಗೆ ಸೆಳೆತವಿರುತ್ತದೆ. ಕೆರೆಯಂಚಿನಲ್ಲೂ ಕೈ ಬಿಡಬೇಡಿ.

ಸಂಜೆಗೆ ಮುಂಚೆ ಮೀನುಗಾರರು ತೆಪ್ಪ ದಡಕ್ಕೆ ತರುತ್ತಾರೆ. ಬಲೆ ಹರಿದರೆ ಹೊಲಿಯುವುದು ಹೇಗೆ, ಯಾವ ಗಾಳಿಗೆ ಮೀನು ಎತ್ತ ಸರಿಯುತ್ತದೆ, ಕೆರೆಯಲ್ಲಿ ಹೂಳು ಎಲ್ಲಿ ತುಂಬಿದೆ, ಅಂಚಿನಲ್ಲಿ ಯಾರು ಎಷ್ಟು ಒತ್ತಿಕೊಂಡಿದ್ದಾರೆ, ಇವೆಲ್ಲ ಅವರಿಗೆ ಗೊತ್ತು. ಆ ಕೊನೆಯ ವಿಷಯವನ್ನು ಮಾತ್ರ ದನಿ ತಗ್ಗಿಸಿ ಹೇಳುತ್ತಾರೆ.

ಯಾವ ತಿಂಗಳಲ್ಲಿ ಹೋಗಬೇಕು ಎಂದರೆ ನಾನು ನವೆಂಬರ್ ಅನ್ನುತ್ತೇನೆ. ಮಳೆ ಮುಗಿದು ಕೆರೆ ಮೈದುಂಬಿರುತ್ತದೆ, ಚನ್ನಗಿರಿ ಸೀಮೆಯಲ್ಲಿ ಅಡಿಕೆಯ ಸುಗ್ಗಿ ನಡೆದಿರುತ್ತದೆ. ತೋಟದ ಮನೆಯ ಅಂಗಳಕ್ಕೆ ಹೋಗಿ, "ಅಕ್ಕಾ, ಮಕ್ಕಳು ನೋಡ್ಬೇಕಂತಾವೆ" ಅಂದರೆ ಬೇಡ ಅನ್ನುವವರು ಕಡಿಮೆ. ಹೆಂಗಸರು ಮೆಟ್ಟುಗತ್ತಿಯನ್ನು ಕಾಲಲ್ಲಿ ಒತ್ತಿ ಹಿಡಿದು, ಮಾತಾಡುತ್ತ ಮಾತಾಡುತ್ತ, ಹಸಿ ಅಡಿಕೆಯ ಸಿಪ್ಪೆ ಬಿಡಿಸುವುದನ್ನು ಈಗಲೂ ಕೆಲವು ಮನೆಗಳಲ್ಲಿ ಕಾಣಬಹುದು. ಪಕ್ಕದಲ್ಲೇ ಸುಲಿಯುವ ಯಂತ್ರ ಗಡಗಡ ಅನ್ನುತ್ತಿರುತ್ತದೆ. ಸುಲಿದ ಅಡಿಕೆಯನ್ನು ಹಂಡೆಯಲ್ಲಿ ಕಳೆದ ಸಲ ಅಡಿಕೆ ಬೇಯಿಸಿ ಉಳಿದ ನೀರು, ಅಂದರೆ ಚೊಗರು, ಸೇರಿಸಿ ಬೇಯಿಸುತ್ತಾರೆ. ಕೆಂಪು ಬಣ್ಣ ಬರುವುದು ಆ ಚೊಗರಿನಿಂದ. ಬಣ್ಣ ಹಿಡಿಯದಿದ್ದರೆ ಮಾರುಕಟ್ಟೆಯಲ್ಲಿ ರಾಶಿಗೆ ದರ ಇಲ್ಲ. ಒಂದು ಕ್ವಿಂಟಾಲ್ ಹಸಿ ಅಡಿಕೆಗೆ ಹನ್ನೆರಡು ಹದಿಮೂರು ಕಿಲೋ ಒಣ ಅಡಿಕೆ ಸಿಕ್ಕರೆ ಪರವಾಗಿಲ್ಲ ಅನ್ನುತ್ತಾರೆ. ಗೊನೆ ಮರದ ಮೇಲಿರುವಾಗಲೇ ತೋಟವನ್ನು ಖೇಣಿಗೆ ಕೊಟ್ಟವರು ಯಾರು, ತಾವೇ ಬೇಯಿಸುವವರು ಯಾರು, ಯಾಕೆ ಎಂದು ಕೇಳಿಸಿ. ಲಾಭ, ನಷ್ಟ, ಶೇಕಡಾ ಲೆಕ್ಕಗಳಿಗೆ ಇದಕ್ಕಿಂತ ಜೀವಂತ ಉದಾಹರಣೆ ನನಗೆ ಯಾವ ಪಠ್ಯಪುಸ್ತಕದಲ್ಲೂ ಸಿಕ್ಕಿಲ್ಲ. ಅಡಿಕೆ ತಿನ್ನುವುದರ ಕೆಡುಕನ್ನು ಮಕ್ಕಳಿಗೆ ಹೇಳಲೇಬೇಕು. ಆ ಅಂಗಳದಲ್ಲಿ ಬೇಡ, ಬಸ್ಸು ಹತ್ತಿದ ಮೇಲೆ ಹೇಳಿ.

ಹೊನ್ನಾಳಿ, ನ್ಯಾಮತಿ ಕಡೆ ಬೇರೆ ಬಗೆಯ ಇತಿಹಾಸವಿದೆ. ಅದು ನಡೆದುಕೊಂಡು ಬರುತ್ತದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರು ಹುಟ್ಟಿದ ಊರು ಎಂದು ನಮ್ಮ ಬಂಜಾರ ಸಮುದಾಯದವರು ನಂಬಿದ್ದಾರೆ. 1739ರ ಫೆಬ್ರುವರಿ 15 ಅವರ ಜನ್ಮದಿನ. ಪ್ರತಿವರ್ಷ ಆ ಹೊತ್ತಿಗೆ ಉತ್ತರ ಕರ್ನಾಟಕದಿಂದ, ಹೊರರಾಜ್ಯಗಳಿಂದ ಮಾಲೆ ಹಾಕಿದ ಭಕ್ತರು ದಿನಗಟ್ಟಲೆ ಪಾದಯಾತ್ರೆ ಮಾಡಿಕೊಂಡು ಬರುತ್ತಾರೆ. ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಕರಾವಳಿಗೂ ಬಯಲಿಗೂ ನಡುವೆ ತಿರುಗುತ್ತಿದ್ದ, ಸೈನ್ಯಗಳಿಗೆ ಆಹಾರ ಮುಟ್ಟಿಸುತ್ತಿದ್ದ ಜನ ಇವರು. ರೈಲು ಬಂದ ಮೇಲೆ ಎತ್ತಿನ ಸಾಲುಗಳಿಗೆ ಕೆಲಸ ತಪ್ಪಿತು. ಸಾಲದ್ದಕ್ಕೆ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಿರುಗಾಡುವುದನ್ನೇ ತಪ್ಪೆಂದು ಬಗೆಯಿತು. ವ್ಯಾಪಾರಿಗಳಾಗಿದ್ದವರು ಒಂದೆರಡು ತಲೆಮಾರಿನಲ್ಲಿ ಹೇಗೆ ಕೂಲಿಕಾರರಾದರು ಎಂಬುದನ್ನು ಹನ್ನೆರಡು ವರ್ಷದ ಮಗುವಿಗೆ ತಿಳಿಯುವ ಹಾಗೆ ಹೇಳಬಹುದು. ಹೇಳಬೇಕು ಕೂಡ. ತಾಂಡಾದಲ್ಲಿ ನಾಯಕ, ಡಾವ್, ಕಾರಭಾರಿ ಎಂಬ ಹಿರಿಯರ ವ್ಯವಸ್ಥೆ ಇಂದಿಗೂ ಇದೆ, ಗೋರ್‌ಬೋಲಿ ಮನೆಮಾತಾಗಿ ಉಳಿದಿದೆ.

ಜಾತ್ರೆಗೆ ಬಂದ ಅಜ್ಜಿಯಂದಿರಲ್ಲಿ ಕೆಲವರು ಫೇಟಿಯಾ, ಕಾಂಚಳಿ ತೊಟ್ಟಿರುತ್ತಾರೆ. ಕನ್ನಡಿ ಚೂರು, ಕವಡೆ, ಬಣ್ಣದ ದಾರ, ಒಂದೊಂದು ಹೊಲಿಗೆಗೂ ಒಂದು ಹೆಸರು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಇಲ್ಲೊಂದು ಮಾತು ಖಂಡಿತವಾಗಿ ಹೇಳಿಬಿಡುತ್ತೇನೆ. ಕೇಳದೆ ಫೋನು ಎತ್ತಿ ಫೋಟೊ ತೆಗೆಯಬೇಡಿ. ಅವರು ದೇವರಿಗೆ ಬಂದವರು, ನಮ್ಮ ಮಕ್ಕಳ ಪ್ರಾಜೆಕ್ಟಿಗೆ ಬಂದವರಲ್ಲ. ಪಕ್ಕದಲ್ಲಿ ಕೂತು, "ಅವ್ವಾ, ಇದನ್ನ ನೀವೇ ಹಾಕಿದ್ದಾ?" ಎಂದು ಕೇಳಿದರೆ ಸಾಕು. ನನ್ನ ಮಗಳಿಗೆ ಒಬ್ಬ ಅಜ್ಜಿ ಸೂಜಿಗೆ ದಾರ ಪೋಣಿಸಿಕೊಡಲು ಹೇಳಿ, ಆ ಕೂಲಿಗೆ ಬದಲಾಗಿ ಒಂದು ಹೊಲಿಗೆ ಕಲಿಸಿದರು.

ಇನ್ನು ಜಗಳೂರು. ಚನ್ನಗಿರಿಯ ನೀರು ನೋಡಿದ ಕಣ್ಣಿಗೆ ಜಗಳೂರಿನ ನೆಲ ಬೇರೆ ದೇಶ. ರಂಗಯ್ಯನದುರ್ಗದ ಕುರುಚಲು ಕಾಡಿನಲ್ಲಿ ಕೊಂಡುಕುರಿ ಇದೆ. ನಾಲ್ಕು ಕೊಂಬಿನ ಹುಲ್ಲೆ. 2011ರಲ್ಲಿ ಆ ಕಾಡನ್ನು ಅದಕ್ಕೆಂದೇ ವನ್ಯಧಾಮ ಮಾಡಿದರು. ಅದನ್ನು ಕಾಣುತ್ತೇವೆಂದು ಮಕ್ಕಳಿಗೆ ಮಾತು ಕೊಟ್ಟು ಹೋಗಬೇಡಿ, ಅದು ನಾಚಿಕೆಯ ಪ್ರಾಣಿ. ನಾನು ಜಗಳೂರಿಗೆ ಹೋಗಿ ಎನ್ನುವುದು ಹಗೇವಿಗಾಗಿ. ಹಳೆಯ ಮನೆಗಳ ಅಂಗಳದಲ್ಲಿ, ಕೆಲವು ಊರುಗಳ ಗುಡಿಯ ಮುಂದಿನ ಬಯಲಿನಲ್ಲಿ, ನೆಲದೊಳಗೆ ಕಾಳು ತುಂಬಿಡುವ ಗುಂಡಿಗಳು. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಗೋಡೆಗೆ ಹುಲ್ಲು ಒತ್ತಿ ಒಳಗೆ ರಾಗಿ, ಜೋಳ ಸುರಿದು, ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳೂ ಉಸಿರಾಡುತ್ತದೆ. ಇದ್ದ ಆಮ್ಲಜನಕ ಮುಗಿದ ಮೇಲೆ ಹುಳಕ್ಕೆ ಬದುಕಿಲ್ಲ, ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಹಗೇವು ತೆಗೆದಾಗ ಒಳಗೆ ಇಳಿಯುವ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಬಿಡುತ್ತಿದ್ದರು. ದೀಪ ಆರಿದರೆ ಆ ದಿನ ಯಾರೂ ಇಳಿಯುವಂತಿಲ್ಲ, ಬಾಯಿ ತೆರೆದು ಗಾಳಿಯಾಡಲು ಬಿಡಬೇಕು. ರಸಾಯನಶಾಸ್ತ್ರ ಓದದ ಜನ ಅದನ್ನು ಪ್ರಾಣ ಕೊಟ್ಟು ಕಲಿತದ್ದು.

1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನದ ಐದರಲ್ಲಿ ಒಂದು ಪಾಲಿನಷ್ಟು ಜನ ಇಲ್ಲವಾದರು. ಅಂಥ ಕಾಲದಲ್ಲಿ ಹಗೇವಿನಲ್ಲಿ ರಾಗಿ ಇದ್ದ ಮನೆಗೂ ಇಲ್ಲದ ಮನೆಗೂ ಇದ್ದ ವ್ಯತ್ಯಾಸ ಎಷ್ಟೆಂದು ಮಕ್ಕಳೇ ಊಹಿಸಲಿ. ಮೆಕ್ಕೆಜೋಳ ಬಂದ ಮೇಲೆ ಕಾಳು ಕಣದಿಂದ ನೇರ ಲಾರಿಗೆ ಹೋಗುತ್ತದೆ, ಹಗೇವುಗಳನ್ನು ಮುಚ್ಚಿ ಮೇಲೆ ಕಾಂಕ್ರೀಟ್ ಹಾಕಿದ್ದಾರೆ. ಎಲ್ಲಿತ್ತು ಎಂದು ಕಾಲಿಂದ ನೆಲ ತಟ್ಟಿ ತೋರಿಸುವ ಅಜ್ಜಂದಿರು ಇನ್ನೂ ಇದ್ದಾರೆ. ಅವರಿರುವಾಗಲೇ ಒಮ್ಮೆ ಹೋಗಬೇಕು, ಹಗೇವು ಹೇಗಿತ್ತು ಎಂದು ಕೇಳಿ ಮಕ್ಕಳ ಕೈಯಲ್ಲೇ ನೋಟುಬುಕ್ಕಿನಲ್ಲಿ ಬರೆಸಬೇಕು.

ಈ ಥರ ಕಲಿಸುವುದು ನಮ್ಮ ನಾಡಿಗೆ ಹೊಸತೇನಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಜೊತೆ ಇಂಥ ಪ್ರಯೋಗಗಳನ್ನೇ ಮಾಡಿದರು. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಸರ್ಕಾರಿ ಶಾಲೆಯ ಮೇಷ್ಟ್ರುಗಳು ವಿದ್ಯಾಗಮ ಎಂಬ ಹೆಸರಿನಲ್ಲಿ ಗುಡಿಯ ಜಗುಲಿ, ಅರಳಿಕಟ್ಟೆಗಳ ಮೇಲೆ ಪಾಠ ಮಾಡಿದ್ದನ್ನು ನೀವೇ ನೋಡಿದ್ದೀರಿ. ಆದ್ದರಿಂದ ಮಕ್ಕಳನ್ನು ಶಾಲೆಗೆ ಕಳಿಸುವವರೂ ಈ ಮಾತು ನಮಗಲ್ಲ ಎಂದು ರೇಡಿಯೊ ಆರಿಸಬೇಕಾಗಿಲ್ಲ. ದಸರಾ ರಜೆಯಲ್ಲಿ ಬೇಕಾದಷ್ಟು ಮಂಗಳವಾರಗಳಿವೆ.

ಹೋಗುವವರಿಗೆ ಕೊನೆಯದಾಗಿ ಎರಡು ಮಾತು. ಭದ್ರಾ ನಾಲೆಗೆ ನೀರು ಬಿಟ್ಟಿದ್ದಾರೋ ಇಲ್ಲವೋ ಎಂದು ಪತ್ರಿಕೆಯಲ್ಲಿ ನೋಡಿಕೊಂಡು ಸೂಳೆಕೆರೆಗೆ ಹೊರಡಿ, ನೀರಿಲ್ಲದ ನಾಲೆಯಲ್ಲಿ ಎಲೆ ತೇಲುವುದಿಲ್ಲ. ಸೂರಗೊಂಡನಕೊಪ್ಪದ ಜಾತ್ರೆಯ ಮುಖ್ಯ ದಿನ ಚಿಕ್ಕ ಮಕ್ಕಳನ್ನು ಕರೆದೊಯ್ದರೆ ಜನಸಂದಣಿಯಲ್ಲಿ ಅವರಿಗೆ ಕಾಣುವುದು ದೊಡ್ಡವರ ಸೊಂಟ ಮಾತ್ರ. ಒಂದೆರಡು ದಿನ ಮೊದಲೇ ಹೋಗಿ. ಪಾದಯಾತ್ರೆಯವರು ದಾರಿಯಲ್ಲೇ ಸಿಗುತ್ತಾರೆ, ಬಸ್ಸಿನಲ್ಲಿ ಸೀಟೂ ಸಿಗುತ್ತದೆ.